ಸೋದರಳಿಯ ಕೇಳಿದ ಮೂರನೆಯದು

2019ರ ಅಕ್ಟೋಬರ್ 7, ಸೋಮವಾರ ಬೆಳಿಗ್ಗೆ 9.10ಕ್ಕೆ ಅಲ್ಮಾಟಿ ಹತ್ತಿರದ ಈಸಿಕ್ ಪೊಲೀಸ್ ಠಾಣೆಗೆ ಬಿಳಿ ತಲೆವಸ್ತ್ರದ ಹೆಂಗಸೊಬ್ಬಳು ಬಂದಳು. ಹೆಸರು ಕುಲ್ಯಾಶ್, ವಯಸ್ಸು ಐವತ್ತೆಂಟು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಹಿಂದಿನ ದಿನ ಮಗನನ್ನು ಮಣ್ಣು ಮಾಡಿದ್ದಳು. ಏಳನೆಯ ದಿನದ ಊಟ ಆಗುವವರೆಗೆ ಅವಳು ಮನೆಯಲ್ಲೇ ಕುಳಿತಿರಬೇಕಿತ್ತು. ಕರೆತಂದ ತಮ್ಮ ಹೊರಗೆ ವ್ಯಾನಿನಲ್ಲೇ ಉಳಿದಿದ್ದ.

ಕ್ಯಾಪ್ಟನ್ ತಿಲೆಪೋವ್ ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳ್ಳಿ ಅಮ್ಮಾ. ಟ್ರಾಫಿಕ್‌ನವರು ಅಪಘಾತ ಅಂತ ಬರೆದಿದ್ದಾರೆ. ಅತಿವೇಗ."

"ಅಪಘಾತ ಅಲ್ಲ. ನನ್ ಮಗನ್ನ ಕೊಂದಿದ್ದಾರೆ."

"ಯಾರು?"

"ಆ ಹಲ್ಲಿನ ಡಾಕ್ಟರು. ಖೆಗೈ. ಹೋದ ಸೋಮವಾರ, ಮೂವತ್ತನೇ ತಾರೀಕು, ನಮ್ಮನೆ ಗೇಟಿಗೆ ಬಂದಿದ್ದ. ಅನುವಾರ್ ಹೋಗಿ ಮಾತಾಡಿದ. ನಾನು ಅಂಗಳದಲ್ಲಿ ಟೊಮೆಟೊ ಆರಿಸ್ತಿದ್ದೆ. 'ನಿನ್ನ ಕಾರು ಹೆಚ್ಚು ದಿನ ಓಡಲ್ಲ' ಅಂದ. ನಾನೇ ಕೇಳಿಸ್ಕೊಂಡೆ. ನಾಲ್ಕೇ ದಿನ ಓಡ್ತು."

"ಯಾಕೆ ಹಾಗಂದ?"

"ಹೊಟ್ಟೆಕಿಚ್ಚು. ನನ್ ತಮ್ಮ ಅನುವಾರ್ ಕಾರಿಗೆ ವೇಗ ಹೆಚ್ಚಿಸೋ ಟರ್ಬೊ ಕಿಟ್ ಹಾಕಿಕೊಟ್ಟಿದ್ದ. ಓಣಿಯೋರೆಲ್ಲ ನೋಡೋಕೆ ಬರೋರು."

"ತಮ್ಮ ಅಂದ್ರೆ?"

"ಕೆನ್ಜೆಬೆಕ್. ತಲ್ಗರ್ ರಸ್ತೇಲಿ ಗ್ಯಾರೇಜು. ಹೊರಗೆ ಕೂತಿದ್ದಾನಲ್ಲ. ಒಳಗೆ ಬಾರೋ ಅಂದ್ರೆ ಬರಲ್ಲ ಅಂದ. ಜನರ ಎದುರು ಅಳೋಕೆ ನಾಚಿಕೆ ಅವನಿಗೆ."

ತಿಲೆಪೋವ್ ಪೆನ್ನು ತೆಗೆದ. ಬರೆಯುವ ಮೊದಲು ಹೇಳಬೇಕಾದ್ದನ್ನು ಹೇಳಿದ.

"ಒಂದು ಸಲ ಎಫ್‌ಐಆರ್ ಆದ್ರೆ ಅದು ನಿಮ್ಮ ಕೈಲಿರಲ್ಲ ಅಮ್ಮಾ. ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಹೋಗುತ್ತೆ."

"ಹೋಗ್ಲಿ. ಗಂಡ ಸತ್ತು ಹನ್ನೊಂದು ವರ್ಷ. ಈಗ ಮಗ. ನನಗೆ ಅಂತ ಉಳಿದಿರೋದು ಆ ವ್ಯಾನಲ್ಲಿ ಕೂತಿರೋನು ಒಬ್ಬನೇ. ಬರ್ಕೋ ಮಗನೇ."

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಸಾರ್ಜೆಂಟ್ ಗಾಲಿಮ್ ಅವಳನ್ನು ಬಾಗಿಲವರೆಗೆ ಬಿಟ್ಟುಬಂದ. ವ್ಯಾನಿನಲ್ಲಿದ್ದವನು ಇಳಿದು, ಅಕ್ಕನ ತೋಳು ಹಿಡಿದು ಹತ್ತಿಸಿ, ಅವಳ ಕೋಟಿನ ಅಂಚು ಬಾಗಿಲಿಗೆ ಸಿಗದಂತೆ ಒಳಗೆ ಸರಿಸಿದ.

ಅನುವಾರ್, ಇಪ್ಪತ್ತಾರು ವರ್ಷ, ಮದುವೆಯಾಗಿಲ್ಲ. ಅಕ್ಟೋಬರ್ 4, ಶುಕ್ರವಾರ ಸಂಜೆ 4.40ಕ್ಕೆ ಈಸಿಕ್ ಸರೋವರದ ಘಾಟಿ ರಸ್ತೆಯಲ್ಲಿ, ಒಂಬತ್ತನೇ ಕಿಲೋಮೀಟರಿನ ತಿರುವಿನಲ್ಲಿ ಅವನ ಕಾರು ಉರುಳಿ ಹದಿನಾಲ್ಕು ಮೀಟರ್ ಕೆಳಗೆ ಬಿದ್ದಿತ್ತು. ಬಲಗಡೆ ಸ್ಟೀರಿಂಗಿನ, ಎರಡು ಬಾಗಿಲಿನ ಜಪಾನಿ ಸ್ಪೋರ್ಟ್ಸ್ ಕಾರು. ಅದನ್ನು ಎಳೆದು ತಂದು ಠಾಣೆಯ ಹಿಂದಿನ ಅಂಗಳದಲ್ಲಿ ಹಾಕಿದ್ದರು.

11.30ಕ್ಕೆ ಪಂಚನಾಮೆ ಶುರುವಾಯಿತು. ಪಂಚರಾಗಿ ಎದುರಿನ ಬ್ರೆಡ್ ಅಂಗಡಿಯವನನ್ನೂ ಅಂಚೆ ಕಚೇರಿಯ ಒಬ್ಬಳನ್ನೂ ಕರೆದಿದ್ದರು. ಕಾರಿನ ಹಿಂಭಾಗದ ಬಣ್ಣ ಹಾಗೇ ಇತ್ತು. ಮುಂಭಾಗ ಸುಟ್ಟು ಕರಕಲಾಗಿತ್ತು. ಗಾಲಿಮ್ ಠಾಣೆಗೆ ಸೇರುವ ಮೊದಲು ಎರಡು ವರ್ಷ ಗ್ಯಾರೇಜಿನಲ್ಲಿದ್ದವನು. ಟಾರ್ಚ್ ಹಿಡಿದು ಎಂಜಿನ್ ಮೇಲೆ ಬಾಗಿದ. ಸುಮಾರು ಹೊತ್ತಿನ ಮೇಲೆ ಕೆಳಗಿನ ತಗಡಿನ ತಟ್ಟೆಗೆ ಕೈ ಹಾಕಿ ಏನೋ ತೆಗೆದ. ಬೆರಳುದ್ದದ ಬೋಲ್ಟು. ಅದರ ಮೈಗೆ ಎರಡು ತಾಮ್ರದ ವಾಷರುಗಳು ಇನ್ನೂ ಅಂಟಿಕೊಂಡಿದ್ದವು.

"ಅಣ್ಣ, ಇದು ಮುರಿದಿಲ್ಲ. ಬಿಚ್ಚಿಕೊಂಡು ಬಂದಿದೆ."

"ಯಾವುದರ ಬೋಲ್ಟು?"

"ಟರ್ಬೊಗೆ ಎಣ್ಣೆ ಕೊಡೋ ಪೈಪಿಂದು. ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತೆ. ಎಂಜಿನ್ನಿಂದ ಅದಕ್ಕೆ ಎಣ್ಣೆ ಬರ್ತಾನೇ ಇರ್ಬೇಕು. ಇದು ಬಿಟ್ಟರೆ ಎಣ್ಣೆ ನೇರವಾಗಿ ಕೆಂಪಗೆ ಕಾದ ಕಬ್ಬಿಣದ ಮೇಲೆ. ಬೆಂಕಿ ಹತ್ತುತ್ತೆ, ಹೊಗೇಲಿ ರಸ್ತೆ ಕಾಣಲ್ಲ."

"ತಾನಾಗೇ ಬಿಡುತ್ತಾ?"

"ಬಿಗಿ ಮಾಡಿದ್ರೆ ಬಿಡಲ್ಲ. ಯಾರೋ ಬಿಡಿಸಿರ್ಬೇಕು. ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ಬಿಗಿ ಮಾಡೇ ಇರ್ಬಾರ್ದು."

12.45ಕ್ಕೆ ಬೋಲ್ಟನ್ನೂ ವಾಷರುಗಳನ್ನೂ ಲಕೋಟೆಗೆ ಹಾಕಿ ಮೊಹರು ಮಾಡಿ, ಅಲ್ಮಾಟಿಯ ಪ್ರಯೋಗಾಲಯಕ್ಕೆ ಕಳಿಸಿದರು.

ಮಧ್ಯಾಹ್ನ 3ಕ್ಕೆ ತಿಲೆಪೋವ್, ಗಾಲಿಮ್ ಇಬ್ಬರೂ ಘಾಟಿ ಹತ್ತಿದರು. ಏಳನೇ ಕಿಲೋಮೀಟರಿನಲ್ಲಿ ಉಲ್ಬೋಸಿನ್ ಎಂಬ ಮುದುಕಿ ಬಕೆಟ್ಟುಗಳಲ್ಲಿ ಸೇಬು ಇಟ್ಟುಕೊಂಡು ಕೂರುತ್ತಾಳೆ. ಶುಕ್ರವಾರವೂ ಕುಳಿತಿದ್ದಳು.

"ಏನು ನೋಡಿದ್ರಿ ಅಜ್ಜಿ?"

"ಸೇಬು ತಗೊಳ್ಳೋರು ಕಡಿಮೆ, ಪ್ರಶ್ನೆ ಕೇಳೋರು ಜಾಸ್ತಿ. ಶನಿವಾರದಿಂದ ನೀವು ಆರನೆಯೋರು."

"ಏಳನೆಯವನು ಬರದ ಹಾಗೆ ನೋಡ್ಕೋತೀನಿ. ಹೇಳಿ."

"ಕಾರಿನ ಮೂತಿಯಿಂದ ಹೊಗೆ ಬರ್ತಿತ್ತು. ನೀಲಿ ಹೊಗೆ. ನಾನು ಎದ್ದು ನಿಂತು ಎರಡೂ ಕೈ ಬೀಸಿದೆ, ನಿಲ್ಲಿಸೋ, ನಿಲ್ಲಿಸೋ ಅಂತ. ಅವನೂ ಬೀಸಿದ. ಹಾರ್ನ್ ಹೊಡೆದ. ನಗ್ತಾ ಇದ್ದ ಕಣಪ್ಪ. ಆ ಕಾರು ನೋಡಿದೋರೆಲ್ಲ ಕೈ ಬೀಸ್ತಿದ್ರಲ್ಲ, ನಾನೂ ಹಾಗೇ ಅಂದ್ಕೊಂಡ."

"ಹಿಂದೆ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ರಾ?"

"ಯಾರೂ ಇಲ್ಲ. ಹೊಗೆ ಮಾತ್ರ."

ಅವಳು ಗಾಲಿಮ್‌ನ ಜೇಬಿಗೆ ಎರಡು ಸೇಬು ತುರುಕಿದಳು. ಹೇಳಿಕೆಗೆ ಹೆಬ್ಬೆಟ್ಟು ಬೇಡ, ಸಹಿ ಬರುತ್ತದೆ ಎಂದು ಜಂಬದಿಂದ ಪೆನ್ನು ಕಸಿದುಕೊಂಡಳು.

ಅಕ್ಟೋಬರ್ 8, ಮಂಗಳವಾರ ಬೆಳಿಗ್ಗೆ 10.20. ವಿತಾಲಿ ಖೆಗೈಯ ಚಿಕಿತ್ಸಾಲಯದಲ್ಲಿ ಒಬ್ಬ ದಪ್ಪ ಗಂಡಸು ಬಾಯಿ ತೆರೆದು ಮಲಗಿದ್ದ.

"ಐದು ನಿಮಿಷ ಕ್ಯಾಪ್ಟನ್. ಇವರನ್ನ ಹೀಗೇ ಬಿಟ್ಟರೆ ಮಾತಾಡೋಕೆ ಶುರು ಮಾಡ್ತಾರೆ."

ದಪ್ಪ ಗಂಡಸು ಗಂಟಲಲ್ಲೇ ಏನೋ ಅಂದ.

ಕೆಲಸ ಮುಗಿಸಿ, ಕೈಗವಸು ಕಳಚಿ, ಖೆಗೈ ಒಳಕೋಣೆಗೆ ಕರೆದ. ನಲವತ್ತು ದಾಟಿದ ಕೊರಿಯನ್ ಮೂಲದ ಮನುಷ್ಯ.

"ಅನುವಾರ್ ಕಾರಿನಲ್ಲಿದ್ದ ಟರ್ಬೊ ಯಾರದ್ದು?" ತಿಲೆಪೋವ್ ಕೇಳಿದ.

"ನನ್ನದು."

"ಸಾಕ್ಷಿ?"

ಖೆಗೈ ಡ್ರಾಯರಿನಿಂದ ಪಾರ್ಸೆಲ್ಲಿನ ಕಾಗದ ತೆಗೆದ. ಅದರಲ್ಲಿದ್ದ ಸಂಖ್ಯೆಯೂ ಸುಟ್ಟ ಟರ್ಬೊದ ಮೇಲಿನ ಸಂಖ್ಯೆಯೂ ಒಂದೇ.

"ಜಪಾನಿಂದ ತರಿಸಿದ್ದು. ಬರೋಕೆ ಐದು ತಿಂಗಳು ಹಿಡೀತು. ಜೂನಲ್ಲಿ ಕೆನ್ಜೆಬೆಕ್ ಗ್ಯಾರೇಜಲ್ಲಿಟ್ಟೆ. ನನ್ನ ಕಾರಿನ ಎಂಜಿನ್ ಕೆಲಸ ಮುಗಿದ ಮೇಲೆ ಹಾಕೋಣ ಅಂದಿದ್ದ. ಹೋದ ತಿಂಗಳು ಇಪ್ಪತ್ತೊಂಬತ್ತಕ್ಕೆ ಫೋನಲ್ಲಿ ಒಂದು ವಿಡಿಯೊ ನೋಡ್ತೀನಿ, ಯಾವನೋ ಬಾನೆಟ್ ಎತ್ತಿ ಊರಿಗೆಲ್ಲ ತೋರಿಸ್ತಿದ್ದಾನೆ. ಒಳಗೆ ನನ್ನ ಟರ್ಬೊ ಕೂತಿದೆ. ನನ್ನ ನೀಲಿ ಪೈಪಿನ ಸಮೇತ."

"ಠಾಣೆಗೆ ಯಾಕೆ ಬರ್ಲಿಲ್ಲ?"

"ಕೆನ್ಜೆಬೆಕ್‌ಗೆ ಫೋನ್ ಮಾಡಿದೆ. 'ಒಂದು ವಾರ ಸುಮ್ನಿರಿ ಡಾಕ್ಟರ್, ನಿಮ್ಮ ಸಾಮಾನು ನಿಮ್ಮ ಹತ್ರ ಬರುತ್ತೆ' ಅಂದ. ಹೇಗೆ ಬರುತ್ತೆ ಅಂದೆ. 'ಬರುತ್ತೆ' ಅಂದ. ಮತ್ತೇನೂ ಹೇಳ್ಲಿಲ್ಲ."

ತಿಲೆಪೋವ್ ಈ ಮಾತನ್ನು ಅಕ್ಷರಶಃ ಬರೆದುಕೊಂಡ.

"ಆದ್ರೂ ಹುಡುಗನ ಮನೆಗೆ ಹೋದ್ರಿ."

"ಬೈಯೋಕೆ ಹೋದೆ. ಅವನು 'ಒಳಗೆ ಬನ್ನಿ ಡಾಕ್ಟರ್, ಚಾ ಕುಡೀರಿ' ಅಂದ. 'ನೋಡಿದ್ರಾ, ನನ್ನ ಮಾವ ಕೊಟ್ಟಿದ್ದು' ಅಂದ. ಅವನಿಗೆ ಅದು ಯಾರದ್ದು ಅಂತ ಗೊತ್ತೇ ಇರ್ಲಿಲ್ಲ. ಅವನ ಮುಖ ನೋಡಿ ನನಗೆ ಹೇಳೋಕಾಗ್ಲಿಲ್ಲ. ಬೋಲ್ಟಿನ ವಿಷಯ ಮಾತ್ರ ಹೇಳ್ದೆ."

"ಯಾವ ಬೋಲ್ಟು?"

ಖೆಗೈ ಫೋನಿನಲ್ಲಿ ವಿಡಿಯೊ ತೆರೆದು, ನಿಲ್ಲಿಸಿ, ಎರಡು ಬೆರಳಿನಿಂದ ಹಿಗ್ಗಿಸಿದ. ಎಂಜಿನ್ನಿನ ಪ್ರತಿಯೊಂದು ಬೋಲ್ಟಿನ ತಲೆಯ ಮೇಲೂ ಹಳದಿ ಬಣ್ಣದ ಒಂದು ಗೆರೆ ಇತ್ತು. ಗೆರೆ ಬೋಲ್ಟಿನಿಂದ ಹೊರಟು ಪಕ್ಕದ ಲೋಹದ ಮೇಲೂ ಮುಂದುವರಿದಿತ್ತು.

"ಕೆನ್ಜೆಬೆಕ್ ಪದ್ಧತಿ. ಬಿಗಿ ಮಾಡಿದ ಮೇಲೆ ಗೆರೆ. ಬೋಲ್ಟು ಒಂದು ಕೂದಲೆಳೆ ತಿರುಗಿದ್ರೂ ಗೆರೆ ಮುರಿಯುತ್ತೆ, ಕಣ್ಣಿಗೆ ಕಾಣುತ್ತೆ. ಈಗ ಇಲ್ನೋಡಿ."

ಎಣ್ಣೆ ಪೈಪಿನ ಬೋಲ್ಟಿನ ಮೇಲೆ ಗೆರೆ ಇರಲಿಲ್ಲ.

"ಇಷ್ಟು ಸಣ್ಣದು ನಿಮ್ಮ ಕಣ್ಣಿಗೆ ಹೇಗೆ ಬಿತ್ತು?"

"ನನ್ನ ಹೊಟ್ಟೆ ತುಂಬೋದೇ ಸಣ್ಣ ತೂತು ಹುಡುಕಿ. ಅದನ್ನ ಬಿಗಿ ಮಾಡಿಸು, ಇಲ್ದಿದ್ರೆ ನಿನ್ನ ಕಾರು ಹೆಚ್ಚು ದಿನ ಓಡಲ್ಲ ಅಂದೆ. 'ನನ್ನ ಮಾವನ ಕೆಲಸದಲ್ಲಿ ಹುಳುಕು ಹುಡುಕ್ತೀರಾ' ಅಂತ ನಕ್ಕ. ನಾನೂ ಜೋರು ಮಾಡ್ಲಿಲ್ಲ. ಕಿಟ್ ವಾಪಸ್ ಬರೋದಿದೆಯಲ್ಲ, ಇವನೆಷ್ಟು ದಿನ ಓಡಿಸ್ತಾನೆ ಅಂದ್ಕೊಂಡೆ."

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಖೆಗೈ ಸೋಮವಾರದಿಂದ ಶುಕ್ರವಾರದವರೆಗೆ ಎಲ್ಲಿದ್ದನೆಂದು ಗಾಲಿಮ್ ಪರಿಶೀಲಿಸಿದ. ಹಗಲೆಲ್ಲ ಚಿಕಿತ್ಸಾಲಯ, ಸಂಜೆ ಮಗಳ ಪಿಯಾನೊ ತರಗತಿ. ಸಾಕ್ಷಿಗಳು ಬೇಕಾದಷ್ಟಿದ್ದರು.

ಅಕ್ಟೋಬರ್ 10, ಗುರುವಾರ. ಏಳನೆಯ ದಿನದ ಊಟ. ತಿಲೆಪೋವ್ ಮಧ್ಯಾಹ್ನ 1ಕ್ಕೆ ಸಮವಸ್ತ್ರವಿಲ್ಲದೆ ಹೋದ. ಬಾಗಿಲಲ್ಲಿ ಕೆನ್ಜೆಬೆಕ್ ತಂಬಿಗೆ ಹಿಡಿದು ಬಂದವರ ಕೈಗೆ ನೀರು ಹಾಕುತ್ತಿದ್ದ. ಐವತ್ತೆರಡು ವರ್ಷ, ಅಗಲ ಹೆಗಲು. ತಿಲೆಪೋವ್‌ನ ಕೈಗೂ ನೀರು ಹಾಕಿ, ಭುಜದ ಮೇಲಿನ ಟವೆಲ್ ಕೊಟ್ಟ.

ಒಳಗೆ ತುರ್ಸುನ್ ಎಂಬ ಎಂಬತ್ತರ ಮುದುಕ, ಮನೆತನದ ಹಿರಿಯ, ಮೊದಲ ಸ್ಥಾನದಲ್ಲಿದ್ದ.

"ಬಾರಪ್ಪಾ. ಪೊಲೀಸರು ಬೇರೆ ಯಾವುದಕ್ಕೆ ತಡ ಮಾಡಿದ್ರೂ ಮಾಂಸ ಬೆಂದ ಹೊತ್ತಿಗೆ ಸರಿಯಾಗಿ ಬರ್ತಾರೆ."

"ಅಜ್ಜ, ವಾಸನೆ ಹಿಡಿದು ಹೋಗೋದೇ ನಮ್ಮ ಕೆಲಸ."

"ಹಿಡಿ, ಹಿಡಿ."

ತಿಲೆಪೋವ್ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬವುರ್ಸಾಕ್ ಒಂದನ್ನು ಮುರಿದು ಚಹಾದಲ್ಲಿ ಅದ್ದಿದ. ತಿಂದು ಕೇಳಿದ.

"ಕೆನ್ಜೆಬೆಕ್ ಅಣ್ಣ ಆ ಟರ್ಬೊನ ಅಳಿಯನಿಗೆ ಯಾವಾಗ ಕೊಟ್ಟರು?"

ಮುದುಕ ಹುರುಪಿನಿಂದ ಹೇಳಿದ. ಸೋದರಳಿಯನಿಗೆ ತಾಯಿಯ ತವರಿನಲ್ಲಿ ಮೂರು ಹಕ್ಕು. ಮೂರು ಸಲ ಅವನು ಏನು ಕೇಳಿದರೂ ಸೋದರಮಾವ ಇಲ್ಲ ಎನ್ನುವಂತಿಲ್ಲ. ಅನುವಾರ್ ಏಳು ವರ್ಷದವನಿದ್ದಾಗ ಬೇಟೆನಾಯಿಯ ಮರಿ ಕೇಳಿದ್ದ. ಸೇನೆಯಿಂದ ಬಂದಾಗ ಕೆಂದು ಕುದುರೆಮರಿ. ಮೂರನೆಯದನ್ನು ಬಾಕಿ ಇಟ್ಟಿದ್ದ. ಆಗಸ್ಟ್ 24ರಂದು ಕೆನ್ಜೆಬೆಕ್‌ನ ಮೊಮ್ಮಗನ ತೊಟ್ಟಿಲ ಹಬ್ಬ. ಅರವತ್ತು ಜನ. ಗ್ಯಾರೇಜಿನ ಅಂಗಳದಲ್ಲೇ ಮೇಜು ಹಾಕಿದ್ದರು.

"ನಾನೇ ಹುಡುಗನ್ನ ಕೆಣಕಿದೆ. 'ಏನೋ, ಮೂರನೆಯದು ಕೇಳೋಕೆ ಮೀಸೆ ನೆರೆಯಲಿ ಅಂತ ಕಾಯ್ತಿದ್ದೀಯಾ, ನಿನ್ನ ಮಾವ ಸತ್ತ ಮೇಲೆ ಕೇಳ್ತೀಯಾ' ಅಂದೆ. ಕೆನ್ಜೆಬೆಕ್ ನಗ್ತಾ ಎದ್ದು ನಿಂತ. 'ನನ್ನ ಅಂಗಳದೊಳಗೆ ಏನಿದೆಯೋ ಕೇಳೋ' ಅಂದ. ಎಲ್ಲರೂ ಕುದುರೆ ಕೇಳ್ತಾನೆ ಅಂದ್ಕೊಂಡ್ವಿ. ಹುಡುಗ ಗ್ಯಾರೇಜಿನೊಳಗೆ ಹೋಗಿ ಒಂದು ಪೆಟ್ಟಿಗೆ ಹೊತ್ಕೊಂಡು ಬಂದ."

"ಅಣ್ಣ ಏನಂದ್ರು?"

"ಏನಂತಾನೆ? ಪೆಟ್ಟಿಗೆ ನೋಡಿದ, ನಮ್ಮನ್ನೆಲ್ಲ ನೋಡಿದ. ಆಮೇಲೆ 'ಒಯ್ಯಿ' ಅಂದ. ಚಪ್ಪಾಳೆ ಹೊಡೆದ್ವಿ."

ಕುಲ್ಯಾಶ್ ಅಡುಗೆಮನೆಯಲ್ಲಿದ್ದಳು. ತಿಲೆಪೋವ್ ಅಲ್ಲಿಗೆ ಹೋಗಿ ಕೇಳಿದ.

"ಆ ವಾರ ಕಾರು ಎಲ್ಲಿರ್ತಿತ್ತು ಅಮ್ಮಾ?"

"ನಮ್ಮ ಅಂಗಳದಲ್ಲೇ. ಗೇಟಿಗೆ ಬೀಗ. ನಾಯಿ ಬೇರೆ. ಹೊರಗಿನೋರು ಒಳಗೆ ಕಾಲಿಡೋಕಾಗಲ್ಲ."

"ಆ ಕಿಟ್ ಖೆಗೈದು ಅಂತ ನಿಮಗೆ ಗೊತ್ತಿತ್ತಾ?"

ಅವಳು ಬಾಣಲೆಯಿಂದ ಕಣ್ಣು ಎತ್ತಿದಳು.

"ಸುಳ್ಳು. ಹಾಗಿದ್ದಿದ್ರೆ ನನ್ ತಮ್ಮ ಅವತ್ತೇ ಹೇಳ್ತಿದ್ದ."

"ಅರವತ್ತು ಜನರ ಮುಂದೆ?"

ಎಣ್ಣೆಯಲ್ಲಿದ್ದ ಹಿಟ್ಟಿನ ಉಂಡೆಗಳು ಕಪ್ಪಾಗುತ್ತಿದ್ದವು. ನೆರೆಮನೆಯವಳು ಬಂದು ಒಲೆ ಆರಿಸಿದಳು.

ಅಕ್ಟೋಬರ್ 11, ಶುಕ್ರವಾರ ಬೆಳಿಗ್ಗೆ 11. ಗ್ಯಾರೇಜಿನ ಪಂಚನಾಮೆ. ಮೂರು ಕಾರುಗಳಿದ್ದವು. ಗಾಲಿಮ್ ಪಂಚರ ಎದುರು ಒಂದೊಂದನ್ನೇ ನೋಡಿ ಬರೆಸಿದ. ಕೆಲಸ ಮುಗಿದ ಎಲ್ಲ ಬೋಲ್ಟುಗಳ ಮೇಲೆ ಹಳದಿ ಗೆರೆ. ಮುಗಿಯದ ಯಾವುದರ ಮೇಲೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಹಳದಿ ಬಣ್ಣದ ಡಬ್ಬಿ, ತೆಳ್ಳನೆಯ ಕುಂಚ.

ಕೆನ್ಜೆಬೆಕ್ ಕೈ ತೊಳೆದು ಬಂದು ನಿಂತ. ತಿಲೆಪೋವ್ ಅವನನ್ನು ಅಣ್ಣ ಎಂದೇ ಕರೆದ.

"ಎಷ್ಟು ವರ್ಷದಿಂದ ಈ ಗೆರೆ ಹಾಕ್ತೀರ ಅಣ್ಣ?"

"ಮೊದಲಿಂದ. ಸೇನೆಯ ವರ್ಕ್‌ಶಾಪಿನಲ್ಲಿ ಕಲಿಸಿದ್ದು."

"ಬಿಗಿ ಮಾಡದೆ ಗೆರೆ ಹಾಕಿದ್ದುಂಟಾ?"

"ಅದು ಸುಳ್ಳಾಗುತ್ತೆ."

"ಬಿಗಿ ಮಾಡಿ ಗೆರೆ ಹಾಕೋದು ಮರೆತಿದ್ದುಂಟಾ?"

ಕೆನ್ಜೆಬೆಕ್ ಕುಂಚದ ಕಡೆ ನೋಡಿದ.

"ಅನುವಾರ್ ಕಾರಿನ ಕೆಲಸ ಯಾರು ಮಾಡಿದ್ದು?"

"ನಾನೇ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಶನಿವಾರ, ಭಾನುವಾರ."

"ಬೇರೆ ಯಾರಾದ್ರೂ ಕೈ ಹಾಕಿದ್ರಾ?"

"ನನ್ನ ಅಳಿಯನ ಕಾರಿಗೆ ಬೇರೆಯವರ ಕೈ ಯಾಕೆ?"

"ಒಂದು ಬೋಲ್ಟಿನ ಮೇಲೆ ಗೆರೆ ಇಲ್ಲ."

"ಹೌದಾ."

"ಮರೆತ್ರಾ?"

ಮರೆತೆ ಅಂದಿದ್ದರೆ ವಿಚಾರಣೆ ಆ ದಿನ ಅಲ್ಲಿಗೆ ನಿಲ್ಲುತ್ತಿತ್ತು. ಕೆನ್ಜೆಬೆಕ್ ಚಹಾ ತರುತ್ತೇನೆಂದು ಒಳಗೆ ಹೋದ. ತಂದ. ಮೂರು ಬಟ್ಟಲು. ತನ್ನ ಬಟ್ಟಲನ್ನು ಮುಟ್ಟಲಿಲ್ಲ.

ವಾಪಸ್ ಬರುವಾಗ ಜೀಪಿನಲ್ಲಿ ಗಾಲಿಮ್ ಹೇಳಿದ.

"ಮರೆತೆ ಅಂದುಬಿಡ್ಬಹುದಿತ್ತಲ್ಲ ಅಣ್ಣ. ಯಾರು ಬೇಡ ಅಂತಿದ್ರು?"

"ರಸ್ತೆ ನೋಡ್ಕೊಂಡು ಓಡ್ಸು."

ಅಕ್ಟೋಬರ್ 16, ಬುಧವಾರ ಮಧ್ಯಾಹ್ನ 2.15ಕ್ಕೆ ಪ್ರಯೋಗಾಲಯದ ವರದಿ ಬಂತು. ತಾಮ್ರ ಮೆತ್ತನೆಯ ಲೋಹ. ಬೋಲ್ಟನ್ನು ಒಮ್ಮೆ ಬಿಗಿ ಮಾಡಿದರೆ ವಾಷರ್ ನಲುಗಿ ಅದರ ಮೇಲೆ ಉಂಗುರದಂಥ ಗುರುತು ಬೀಳುತ್ತದೆ, ಆಮೇಲೆ ಬಿಚ್ಚಿದರೂ ಆ ಗುರುತು ಹೋಗುವುದಿಲ್ಲ. ಕಳಿಸಿದ ಎರಡೂ ವಾಷರುಗಳ ಮೇಲೆ ಅಂಥ ಗುರುತಿಲ್ಲ. ಬೋಲ್ಟನ್ನು ಕೈಯಿಂದ ತಿರುಗಿಸಿ ಕೂರಿಸಲಾಗಿತ್ತು. ಉಪಕರಣದಿಂದ ಯಾವ ಕಾಲಕ್ಕೂ ಬಿಗಿ ಮಾಡಿರಲಿಲ್ಲ.

ಅಕ್ಟೋಬರ್ 17, ಗುರುವಾರ ಬೆಳಿಗ್ಗೆ 10.40ಕ್ಕೆ ಗ್ಯಾರೇಜಿನಲ್ಲಿ ಕೆನ್ಜೆಬೆಕ್‌ನನ್ನು ಬಂಧಿಸಿದರು. ಅವನು ಒಂದು ಕಾರಿನ ಕೆಳಗಿದ್ದ. ಎರಡು ನಿಮಿಷ ಕೊಡಿ ಅಂದ. ಕೈಲಿದ್ದ ಬೋಲ್ಟು ಬಿಗಿ ಮಾಡಿ, ಗೆರೆ ಹಾಕಿ, ಹೊರಗೆ ಬಂದ. ಬೇಡಿ ಹಾಕುವಾಗ ಗಾಲಿಮ್ ಅವನ ಮುಖ ನೋಡಲಿಲ್ಲ.

ವಿಚಾರಣೆ 12.05ಕ್ಕೆ. ವಕೀಲೆ ಹಾಜರಿದ್ದಳು. ಉತ್ತರ ಕೊಡಬೇಕಾಗಿಲ್ಲ ಎಂದು ಅವಳು ಎರಡು ಸಲ ಹೇಳಿದಳು.

"ಯಾಕೆ ಬಿಗಿ ಮಾಡ್ಲಿಲ್ಲ ಅಣ್ಣ?"

"ವಾಪಸ್ ಬರ್ಲಿ ಅಂತ."

"ಏನು?"

"ಕಾರು. ಎಣ್ಣೆ ಸ್ವಲ್ಪ ಸ್ವಲ್ಪ ಜಿನುಗುತ್ತೆ. ಹೊಗೆ ಬರುತ್ತೆ. ವಾಸನೆ ಬರುತ್ತೆ. ಎರಡು ದಿನದಲ್ಲಿ 'ಮಾವಾ, ಹೊಗೆ ಬರ್ತಿದೆ' ಅಂತ ತಗೊಂಡು ಬರ್ತಾನೆ ಅಂದ್ಕೊಂಡೆ. ಇದು ನಿನ್ನ ಎಂಜಿನ್ನಿಗೆ ಒಗ್ಗಲ್ಲ ಕಣೋ ಅಂತ ಹೇಳಿ ಬಿಚ್ಚಿಬಿಡೋದು. ಒಂದು ಕುದುರೆ ಕೊಡೋದು. ಡಾಕ್ಟರ ಸಾಮಾನು ಡಾಕ್ಟರಿಗೆ ಹೋಗ್ತಿತ್ತು."

"ಇದು ನನ್ನದಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಎಲ್ಲಿ? ಆ ಮೇಜಿನ ಮುಂದೆ? ಅಂಗಳದೊಳಗೆ ಏನಿದೆಯೋ ಕೇಳು ಅಂದೋನು ನಾನು."

"ಆಮೇಲೆ, ಅವನೊಬ್ಬನೇ ಇದ್ದಾಗ?"

"ಒಂದು ತಿಂಗಳು ತಳ್ಳಿದೆ. ಇವತ್ತು ಪೈಪಿಲ್ಲ, ನಾಳೆ ಕ್ಲಾಂಪಿಲ್ಲ ಅಂತ. ಪ್ರತಿ ಸಲ ಹೇಳ್ಬೇಕು ಅಂತಾನೇ ಇರ್ತಿದ್ದೆ. ಅವನು ಬಂದು ಗ್ಯಾರೇಜ್ ಗುಡಿಸೋನು, ಸಾಮಾನು ಒರೆಸಿಡೋನು, ಮಾವ ಮಾವ ಅಂತ. ಕೊಟ್ಟಿದ್ದನ್ನ ಅಳಿಯನ ಹತ್ರ ವಾಪಸ್ ಕೇಳೋದಾ? ಬಾಯಿ ಬರ್ಲಿಲ್ಲ."

"ಎಣ್ಣೆ ಬಿದ್ರೆ ಬೆಂಕಿ ಹತ್ತುತ್ತೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಊರೊಳಗೆ ಓಡಿಸಿದ್ರೆ ಬರೀ ಹೊಗೆ. ಲೆಕ್ಕ ಹಾಕಿದ್ದೆ. ಒಂದು ವಾರ ಘಾಟಿ ಹತ್ತಿಸ್ಬೇಡ ಅಂತ ಹೇಳಿದ್ದೆ. ಎರಡು ಸಲ ಹೇಳಿದ್ದೆ." ಅವನು ಬೇಡಿ ಹಾಕಿದ ಕೈಗಳನ್ನು ಮೇಜಿನ ಮೇಲಿಟ್ಟ. "ಆ ವಾರ ಬೇರೆ ಕಾರಿನ ಕೆಲಸ ತಗೊಳ್ಳಲಿಲ್ಲ. ಬಂದ ತಕ್ಷಣ ಹತ್ತಿಸ್ಬೇಕಲ್ಲ ಅಂತ ಕಾರು ಎತ್ತೋ ಲಿಫ್ಟ್ ಖಾಲಿ ಇಟ್ಟಿದ್ದೆ."

"ಗೆರೆ ಹಾಕಿದ್ದಿದ್ರೆ ಮೊದಲೇ ನಿಮ್ಮ ಮೇಲೆ ಅನುಮಾನ ಬರ್ತಿರ್ಲಿಲ್ಲ. ಬೋಲ್ಟು ಅದುರಿ ಬಿಟ್ಟಿದೆ ಅಂತಿದ್ರು."

"ಕುಂಚ ಹಿಡ್ಕೊಂಡಿದ್ದೆ," ಎಂದ ಕೆನ್ಜೆಬೆಕ್. "ಆಗ್ಲಿಲ್ಲ."

ಕೊಲೆಯ ಉದ್ದೇಶವಿರಲಿಲ್ಲ. ಅಪಾಯ ತಿಳಿದೂ ಮಾಡಿದ ಕೃತ್ಯದಿಂದ ಸಾವು ಎಂದು ಆರೋಪ ದಾಖಲಾಯಿತು. ಖೆಗೈಯ ಹೆಸರನ್ನು ಆರೋಪಿಗಳ ಕಾಲಂನಿಂದ ಸಾಕ್ಷಿಗಳ ಕಾಲಂಗೆ ಬದಲಾಯಿಸಿದರು.

ಮರುದಿನ ಬೆಳಿಗ್ಗೆ 8.30ಕ್ಕೆ, ಠಾಣೆ ಗುಡಿಸುತ್ತಿರುವಾಗಲೇ, ಕುಲ್ಯಾಶ್ ಬಂದಳು. ಈ ಸಲ ಬಸ್ಸಿನಲ್ಲಿ ಬಂದಿದ್ದಳು.

"ದೂರು ವಾಪಸ್ ಕೊಡು."

"ಆಗಲ್ಲ ಅಮ್ಮಾ."

"ನಾನು ಬರೆಸಿದ್ದು. ನನ್ನ ಸಹಿ."

"ನಿಮಗೆ ಅವತ್ತೇ ಹೇಳಿದ್ದೆ."

"ಹೇಳಿದ್ದೆ. ಹೌದು ಕಣಪ್ಪ, ಹೇಳಿದ್ದೆ." ಅವಳು ಕುಳಿತಳು. "ಹೋದೋನು ಹೋದ. ಇರೋನ್ನ ಬಿಡು. ನನ್ನ ಮಣ್ಣಿಗೆ ಹಾಕೋಕೆ ಯಾರಿದ್ದಾರೆ?"

ತಿಲೆಪೋವ್ ಎದ್ದು ಹೋಗಿ ಲೋಟ ತಂದ. ನೀರು ಕೊಟ್ಟ. ಅವಳು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವನು ಹೊಗೆ ಬರ್ಲಿ ಅಂತ ಮಾಡಿದ್ನಂತೆ, ಹೌದಾ? ಹೊಗೆ ಬಂದ್ರೆ ಹುಡುಗ ತನ್ನ ಹತ್ರ ಬರ್ತಾನೆ ಅಂತ?"

"ಹಾಗಂತ ಹೇಳಿದ್ದಾರೆ."

"ಹೊಗೆ ಬಂದಿತ್ತು."

ತಿಲೆಪೋವ್ ತಲೆ ಎತ್ತಿದ.

"ಬುಧವಾರ. ಎರಡನೇ ತಾರೀಕು. ಅಂಗಳದಲ್ಲಿ ಸ್ಟಾರ್ಟ್ ಮಾಡಿದ, ಹೊಗೆ ಬಂತು. ನಾನು ನೋಡ್ದೆ. ನಿನ್ನ ಮಾವನಿಗೆ ತೋರಿಸ್ಕೊಂಡು ಬಾರೋ ಅಂದೆ. 'ಅಮ್ಮಾ, ಮಾವ ಎಲ್ಲರ ಮುಂದೆ ಕೊಟ್ಟಿದ್ದು. ಎರಡು ದಿನ ಕೂತು ತಾವೇ ಹಾಕಿದ್ದು. ನೀವು ಕೊಟ್ಟಿದ್ದು ಸರಿಯಿಲ್ಲ ಅಂತ ಹೇಗೆ ಹೋಗಿ ನಿಂತ್ಕೊಳ್ಲಿ? ಅವರಿಗೆ ಬೇಜಾರಾಗುತ್ತೆ' ಅಂದ. ಬಟ್ಟೆ ತಗೊಂಡು ಎಣ್ಣೆ ಒರೆಸಿದ. ಗುರುವಾರವೂ ಒರೆಸಿದ."

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಅಮ್ಮಾ?"

"ನಾನು ಡಾಕ್ಟರ್ ಮೇಲೆ ದೂರು ಕೊಡೋಕೆ ಬಂದಿದ್ದು. ಹೊಗೆ ಬಂದಿದ್ದಕ್ಕೂ ಡಾಕ್ಟರಿಗೂ ಏನು ಸಂಬಂಧ?"

ಅವನು ಹೊಸ ಹಾಳೆ ತೆಗೆದುಕೊಂಡ. ಪೂರಕ ಹೇಳಿಕೆ, ಅಕ್ಟೋಬರ್ 18, ಬೆಳಿಗ್ಗೆ 8.55. ಅವಳು ಹೇಳಿದ್ದನ್ನು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡ.

"ಇದನ್ನ ಅವನಿಗೆ ಹೇಳ್ಬೇಡ," ಎಂದಳು ಕುಲ್ಯಾಶ್.

ನವೆಂಬರ್ 19, ಮಂಗಳವಾರ. ಪ್ರಕರಣ ನ್ಯಾಯಾಲಯಕ್ಕೆ ಹೋಗುವ ಮೊದಲು ಆರೋಪಿ ಕಡತದ ಪ್ರತಿಯೊಂದು ಪುಟವನ್ನೂ ಓದಿ ಸಹಿ ಮಾಡಬೇಕು. ಅದು ಅವನ ಹಕ್ಕು. ಬಂದೀಖಾನೆಯ ಕೋಣೆಯಲ್ಲಿ ವಕೀಲೆ ಒಂದು ಬದಿಗೆ, ತಿಲೆಪೋವ್ ಇನ್ನೊಂದು ಬದಿಗೆ ಕುಳಿತರು. ಕೆನ್ಜೆಬೆಕ್ ಕನ್ನಡಕ ಹಾಕಿಕೊಂಡು ಓದಿದ. ನಿಧಾನ. ಪ್ರಯೋಗಾಲಯದ ವರದಿಯಲ್ಲಿ ಬೋಲ್ಟಿನ ಅಳತೆ ತಪ್ಪು ಬರೆದಿದ್ದಾರೆಂದು ತೋರಿಸಿದ. ತಿಲೆಪೋವ್ ಗುರುತು ಹಾಕಿಕೊಂಡ.

ಪುಟ 64, ಅಕ್ಕನ ಪೂರಕ ಹೇಳಿಕೆ ಬಂದಾಗ ಅವನು ತಡೆದ. ಓದಿದ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಂಡು, ಮತ್ತೆ ಓದಿದ.

"ಬುಧವಾರ ಎಷ್ಟು ಹೊತ್ತಿಗೆ?"

"ಬೆಳಿಗ್ಗೆ. ಎಂಟು, ಎಂಟೂವರೆ," ಎಂದ ತಿಲೆಪೋವ್.

"ನಾನು ಏಳಕ್ಕೇ ಬಾಗಿಲು ತೆಗೆದಿದ್ದೆ."

ವಕೀಲೆ ಏನೋ ಹೇಳಲು ಹೋದಳು. ತಿಲೆಪೋವ್ ಕೈ ಸನ್ನೆ ಮಾಡಿದ.

"ಇಡೀ ದಿನ ಇದ್ದೆ," ಎಂದ ಕೆನ್ಜೆಬೆಕ್. "ಊಟಕ್ಕೂ ಮನೆಗೆ ಹೋಗ್ಲಿಲ್ಲ."

ಅವನು ಪುಟದ ಕೆಳಗೆ ಸಹಿ ಹಾಕಿದ. ಇನ್ನೂ ಇಪ್ಪತ್ತೆರಡು ಪುಟಗಳಿದ್ದವು. ಓದಲಿಲ್ಲ. ಒಂದೊಂದೇ ತಿರುಗಿಸಿ ಸಹಿ ಹಾಕುತ್ತಾ ಹೋದ.